ನಿಯಮ ಕಟ್ಟಿಸಿದ ಮನೆ, ನಿಯಮ ಕೆಡವಿಸಿದ ಮನೆ

ವಿಜಯವಾಡದ ಪಟಮಟದಲ್ಲಿ ಹಳೆಯ ಮನೆ ಕೆಡವುವಾಗ ಮೊದಲು ಬರುವವನು ಹಳೇ ಮರದ ವ್ಯಾಪಾರಿ. ಬಾಗಿಲ ಚೌಕಟ್ಟನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಾನೆ, ಮೂಲೆಯಲ್ಲಿ ಬಣ್ಣ ಕೆರೆಯುತ್ತಾನೆ, ಬರ್ಮಾ ತೇಗ ಹೌದೋ ಅಲ್ಲವೋ ಹೇಳುತ್ತಾನೆ. ಬಾಗಿಲು, ಕಿಟಕಿ, ಕಂಬ, ತೊಲೆ ಎಲ್ಲಕ್ಕೂ ಸೇರಿಸಿ ಒಂದು ಮೊತ್ತ ಕುದುರುತ್ತದೆ. ಆಮೇಲೆ ಹೆಂಚು ಇಳಿಯುತ್ತದೆ, ಕೈಯಿಂದ ಕೈಗೆ, ಒಂದೂ ಒಡೆಯದ ಹಾಗೆ. ಮಂಡುವಾ ಎಂಬ ನಡು ಅಂಗಳದ ಸುತ್ತಲಿನ ಕಂಬಗಳನ್ನು ಹಗ್ಗ ಕಟ್ಟಿ ಮಲಗಿಸುತ್ತಾರೆ. ಕೊನೆಗೆ ಜೆಸಿಬಿ ಬಂದು ಸುಣ್ಣದ ಗಾರೆಯ ಗೋಡೆಯನ್ನು ಅರ್ಧ ದಿನದಲ್ಲಿ ಮುಗಿಸುತ್ತದೆ. ನಾಲ್ಕು ತಲೆಮಾರು ಬಾಳಿದ ಮನೆಗೆ ಒಂದು ವಾರ ಸಾಕು.

ನಾನು ರೈಲ್ವೆಯ ಸಿವಿಲ್ ವಿಭಾಗದಲ್ಲಿ ದುಡಿದವನು. ಹುಟ್ಟಿ ಬೆಳೆದದ್ದು ಬೆಂಗಳೂರಿನ ಬಸವನಗುಡಿ. ನೌಕರಿ ಕರೆತಂದದ್ದು ವಿಜಯವಾಡಕ್ಕೆ. ನಿವೃತ್ತಿಯ ನಂತರವೂ ಪಟಮಟದಲ್ಲೇ ಉಳಿದೆ. ಗೋಡೆ ಯಾಕೆ ನಿಲ್ಲುತ್ತದೆ, ಯಾಕೆ ಬೀಳುತ್ತದೆ ಎಂದು ನೋಡುವುದೇ ನನ್ನ ಕಸುಬಾಗಿತ್ತು. ಈ ಎರಡು ಬಡಾವಣೆಗಳ ಹಳೆಯ ಮನೆಗಳು ಬೀಳುವುದಕ್ಕೆ ಗೋಡೆಯ ವಯಸ್ಸು ಕಾರಣವಲ್ಲ ಎಂಬುದು ನನಗೆ ಖಚಿತವಾಗಿದೆ. ಕಾರಣ ಪುರಸಭೆಯ ಕಾಗದದಲ್ಲಿದೆ.

ಪಟಮಟ ಮೊದಲು ಊರು, ಆಮೇಲೆ ಬಡಾವಣೆ. 1985ರಲ್ಲಿ ಪಟಮಟ, ಗುಣದಲ, ಭವಾನೀಪುರಂ ಪಂಚಾಯಿತಿಗಳು ವಿಜಯವಾಡ ನಗರಪಾಲಿಕೆಯೊಳಗೆ ಸೇರಿದವು. ಅದಕ್ಕೂ ಮೊದಲಿನ ಮನೆಗಳು ಕೃಷ್ಣಾ ಕಾಲುವೆಯ ನೀರು ಉಂಡ ರೈತರ ಮನೆಗಳು. ನಮ್ಮ ಕಡೆಯ ತೊಟ್ಟಿಮನೆಯನ್ನು ಬಲ್ಲವರಿಗೆ ಇಲ್ಲಿಯ ‘ಮಂಡುವಾ ಲೋಗಿಲಿ’ ಪರಕೀಯವೆನಿಸದು. ನಡುವೆ ಆಕಾಶಕ್ಕೆ ತೆರೆದ ಅಂಗಳ, ನಾಲ್ಕೂ ಕಡೆಯ ಹೆಂಚಿನ ಮಾಡು ಒಳಕ್ಕೇ ಇಳಿಜಾರು, ಮಳೆಯ ನೀರು ಮನೆಯ ಮಧ್ಯಕ್ಕೆ ಸುರಿದು ತೂಬಿನಲ್ಲಿ ಹೊರಗೆ. ಮೇ ತಿಂಗಳಲ್ಲಿ ವಿಜಯವಾಡದ ಬಿಸಿಲು ಏನೆಂದು ಕಂಡವರಿಗೆ ಆ ಅಂಗಳದ ಬೆಲೆ ಗೊತ್ತು. ಬಿಸಿಗಾಳಿ ಮೇಲಕ್ಕೆ ಹೋಗುತ್ತದೆ, ದಪ್ಪ ಗೋಡೆ ಬಿಸಿಯನ್ನು ಸಂಜೆಯವರೆಗೆ ತಡೆಯುತ್ತದೆ. ಅದೇ ಜಾಗದ ಐದಂತಸ್ತಿನ ಅಪಾರ್ಟ್‌ಮೆಂಟಿನಲ್ಲಿ ಈಗ ಪ್ರತಿ ಕೋಣೆಗೂ ಒಂದು ಎಸಿ.

ಇಲ್ಲಿ ಯಾರೂ ಮನೆ ಕೆಡವಿದೆವು ಎನ್ನುವುದಿಲ್ಲ. ‘ಡೆವಲಪ್‌ಮೆಂಟ್‌ಕಿ ಇಚ್ಚಾಂ’, ಡೆವಲಪ್‌ಮೆಂಟ್‌ಗೆ ಕೊಟ್ಟೆವು, ಎನ್ನುತ್ತಾರೆ. ಜಾಗ ಮನೆಯವರದು, ಕಟ್ಟುವ ಖರ್ಚು ಬಿಲ್ಡರಿನದು, ಫ್ಲ್ಯಾಟುಗಳಲ್ಲಿ ಸಾಮಾನ್ಯವಾಗಿ ಅರ್ಧ ಅರ್ಧ. ಅಣ್ಣತಮ್ಮಂದಿರು ನಾಲ್ವರಿದ್ದರೆ ಮಂಡುವಾವನ್ನು ನಾಲ್ಕು ಪಾಲು ಮಾಡಲಾಗದು. ಫ್ಲ್ಯಾಟು ಹಂಚುವುದು ಸುಲಭ. 2014ರಲ್ಲಿ ರಾಜ್ಯ ಒಡೆದು, ನದಿಯಾಚೆ ಅಮರಾವತಿ ರಾಜಧಾನಿ ಎಂದು ಸಾರಿದ ಮೇಲೆ ನೆಲದ ಬೆಲೆ ಏರಿದ್ದು ನಿಜ. ಆದರೆ ಅದಕ್ಕೂ ಮೊದಲೇ, 2006ರಲ್ಲಿ, ಅವಿಭಜಿತ ಆಂಧ್ರಪ್ರದೇಶ ಕಟ್ಟಡ ನಿಯಮಗಳಿಂದ ಎಫ್‌ಎಸ್‌ಐ ಮಿತಿಯನ್ನೇ, ಅಂದರೆ ನಿವೇಶನದ ಎಷ್ಟು ಪಟ್ಟು ಕಟ್ಟಬಹುದೆಂಬ ಮಿತಿಯನ್ನೇ, ತೆಗೆದುಹಾಕಿತ್ತು. ನಿವೇಶನದ ಅಳತೆ ಎಷ್ಟು, ಮುಂದಿನ ರಸ್ತೆ ಎಷ್ಟು ಅಗಲ, ಸುತ್ತ ಎಷ್ಟು ಜಾಗ ಬಿಟ್ಟಿದ್ದೀರಿ, ಅದರ ಮೇಲೆ ಎತ್ತರ. ಹಳ್ಳಿಯ ದೊಡ್ಡ ಹಿತ್ತಿಲಿನ ಮನೆಗಳಿಗೆ ಇದು ಮರಣಶಾಸನವಾಯಿತು. ಹಿತ್ತಿಲು ದೊಡ್ಡದಾದಷ್ಟೂ ಅದರ ಮೇಲೆ ಏಳಬಹುದಾದ ಕಟ್ಟಡ ದೊಡ್ಡದು; ಮನೆ ಚೆನ್ನಾಗಿದ್ದಷ್ಟೂ ಬೇಗ ಬಿತ್ತು.

ಬಸವನಗುಡಿಯ ಕಥೆ ಇದಕ್ಕಿಂತ ಹಳೆಯದು, ಮತ್ತು ಅಲ್ಲಿ ಮನೆಗಳು ಹುಟ್ಟಿದ್ದೇ ನಿಯಮದಿಂದ. 1890ರ ದಶಕದಲ್ಲಿ, ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ಪೇಟೆಯ ಒತ್ತಡ ಇಳಿಸಲು ಬಸವನಗುಡಿ, ಮಲ್ಲೇಶ್ವರಗಳನ್ನು ಅಳೆದು ಹಾಕಿದರು. 1898ರ ಆಗಸ್ಟಿನಲ್ಲಿ ಪ್ಲೇಗು ಬಂತು; ಪೇಟೆಯ ಗಲ್ಲಿಗಳಿಂದ ಜನ ಓಡಿಬಂದು ಈ ಎಕ್ಸ್‌ಟೆನ್ಷನ್ನುಗಳನ್ನು ತುಂಬಿದರು. ನೇರ ರಸ್ತೆ, ಸಾಲುಮರ, ಮನೆಯ ಸುತ್ತ ಖಾಲಿ ಜಾಗ, ಹಿಂದೆ ಕನ್ಸರ್ವೆನ್ಸಿ ಗಲ್ಲಿ: ಇದ್ಯಾವುದೂ ಅಂದಚೆಂದಕ್ಕೆ ಮಾಡಿದ್ದಲ್ಲ, ರೋಗವನ್ನು ದೂರವಿಡಲು ಮಾಡಿದ್ದು. ದಂಡಿನ ಕಡೆಯ ಫ್ರೇಜರ್ ಟೌನಿನಲ್ಲಿ ಇದು ಇನ್ನೂ ಕಟ್ಟುನಿಟ್ಟು. 1906ರಲ್ಲಿ ಶುರುವಾದ ಆ ಬಡಾವಣೆಯಲ್ಲಿ ಪುರಸಭೆಯ ಅಧಿಕಾರಿ ಜೆ.ಎಚ್. ಸ್ಟೀಫನ್ಸ್, ಇಲಿ ಕೊರೆಯಲಾರದ ನೆಲ, ಗಾಳಿ ಬೆಳಕಿನ ಕೋಣೆ ಇರುವ ಮನೆಗಳನ್ನೇ ಕಟ್ಟಬೇಕೆಂದು ಹಟ ಹಿಡಿದರು. 1914ರಲ್ಲಿ ಪ್ಲೇಗು ತಡೆಯುವ ನಗರಯೋಜನೆಯ ಬಗ್ಗೆ ಪುಸ್ತಕವನ್ನೇ ಬರೆದರು.

ಆ ನಿಯಮದೊಳಗೆ ನಮ್ಮ ಬಡಗಿಗಳೂ ಗಾರೆಯವರೂ ತಮ್ಮ ಕೈಚಳಕ ಸೇರಿಸಿದರು. ಮುಂದೆ ಜಗಲಿ, ಒಳಗೆ ರೆಡ್ ಆಕ್ಸೈಡ್ ನೆಲ, ಮೇಲೆ ಮದ್ರಾಸ್ ತಾರಸಿ ಅಥವಾ ಮಂಗಳೂರು ಹೆಂಚು. ಕಿಟಕಿಯ ನೆತ್ತಿಗೆ ಚೂಪು ತುದಿಯ, ಪಟ್ಟಿಪಟ್ಟಿ ಮರದ ಮಂಕಿ ಟಾಪ್. ಒಂದನ್ನು ಹತ್ತಿರದಿಂದ ನೋಡಿ. ಪಟ್ಟಿಗಳ ಕೆಳತುದಿಯನ್ನು ಒಂದೊಂದಾಗಿ ಕೊರೆದು ಎಲೆಯ ಆಕಾರ ಕೊಟ್ಟಿರುತ್ತಾರೆ. ಅಂಚಿನಿಂದ ಮಳೆಹನಿ ಅಲ್ಲೇ ಕಳಚಿ ಬೀಳುತ್ತದೆ, ಗೋಡೆಗೆ ಹರಿಯುವುದಿಲ್ಲ. ಮಧ್ಯಾಹ್ನದ ಬಿಸಿಲು ಕಿಟಕಿಯೊಳಗೆ ಇಳಿಯುವುದಿಲ್ಲ, ಗಾಳಿ ಮಾತ್ರ ಪಟ್ಟಿಗಳ ಸಂದಿಯಲ್ಲಿ ನುಗ್ಗುತ್ತದೆ. ರೈಲ್ವೆಯಲ್ಲಿ ನಾವು ಬಳಸಿದ ಎಷ್ಟೋ ಕಾಂಕ್ರೀಟ್ ಸಜ್ಜಾಗಳಿಗಿಂತ ಅದು ಒಳ್ಳೆಯ ಕೆಲಸ. ಇದನ್ನು ಅಭಿಮಾನಕ್ಕೆ ಹೇಳುತ್ತಿಲ್ಲ, ಕಸುಬಿನ ಲೆಕ್ಕದಲ್ಲಿ ಹೇಳುತ್ತಿದ್ದೇನೆ.

ನಿಯಮ ಕಟ್ಟಿಸಿದ ಈ ಮನೆಗಳನ್ನು ಕೆಡವಿದ್ದೂ ನಿಯಮವೇ. ಬೆಂಗಳೂರಿನ 2015ರವರೆಗಿನ ಮಾಸ್ಟರ್ ಪ್ಲ್ಯಾನ್ 2007ರಲ್ಲಿ ಜಾರಿಗೆ ಬಂದಾಗ ದೊಡ್ಡ ರಸ್ತೆಗಳಲ್ಲಿ ಎಫ್‌ಎಆರ್ (ಎಫ್‌ಎಸ್‌ಐಗೆ ಅಲ್ಲಿಯ ಹೆಸರು) 3.25ರವರೆಗೆ ಏರಿತು, ಕೆಲವು ರಸ್ತೆಗಳನ್ನು ‘ಮ್ಯುಟೇಷನ್ ಕಾರಿಡಾರ್’ ಎಂದು ಗುರುತಿಸಿ ವಾಸದ ಮನೆಗಳ ಜಾಗದಲ್ಲಿ ವ್ಯಾಪಾರಕ್ಕೆ ದಾರಿ ಬಿಟ್ಟರು. ಒಂದಂತಸ್ತಿನ ಮನೆಯಲ್ಲಿ ಕೂತ ವೃದ್ಧ ದಂಪತಿಗೆ ಸರ್ಕಾರವೇ ಹೇಳಿದಂತಾಯಿತು, ನಿಮ್ಮ ಜಗಲಿಗೆ ಬೆಲೆಯಿಲ್ಲ, ಅದರ ಮೇಲಿನ ಗಾಳಿಗೆ ಕೋಟಿಗಟ್ಟಲೆ ಬೆಲೆ ಎಂದು. ಅವರನ್ನು ದೂರುವುದು ನ್ಯಾಯವಲ್ಲ. ಹಳೆಯ ಮನೆ ಉಳಿಸಬೇಕೆಂದು ಬರೆಯುವ ನಮ್ಮಂಥವರು ಮಾರಿದವರ ಮೇಲೆ ಹರಿಹಾಯುವುದನ್ನು ಮೊದಲು ಬಿಡಬೇಕು.

ಹೋರಾಟ ನಡೆಯಲಿಲ್ಲವೆಂದಲ್ಲ. ಬೆಂಗಳೂರಿಗರು ಮೊದಲು ಎದ್ದು ನಿಂತದ್ದು ಮನೆಗಾಗಿ ಅಲ್ಲ, ಅಠಾರಾ ಕಚೇರಿಗಾಗಿ. 1868ರಲ್ಲಿ ಮುಗಿದ ಆ ಕೆಂಪು ಕಟ್ಟಡವನ್ನು ಕೆಡವಿ ಹೈಕೋರ್ಟಿಗೆ ಹೊಸದು ಕಟ್ಟಲು ಸರ್ಕಾರ 1980ರ ದಶಕದ ಆರಂಭದಲ್ಲಿ ಹೊರಟಿತು. ಅರ್ಜಿ ಹೈಕೋರ್ಟಿಗೆ ಹೋಯಿತು, ವಿಚಾರಣೆ ನಡೆದದ್ದು ಅದೇ ಕಟ್ಟಡದಲ್ಲಿ. 1985ರ ಹೊತ್ತಿಗೆ ಅರ್ಜಿ ಬಿದ್ದುಹೋಯಿತು, ಕಟ್ಟಡ ಬೀಳಲಿಲ್ಲ. ಅಷ್ಟರಲ್ಲಿ ಜನರ ದನಿ ದೊಡ್ಡದಾಗಿತ್ತು. ಆ ಗೆಲುವನ್ನು ನಾವು ಇನ್ನೂ ಹೇಳಿಕೊಳ್ಳುತ್ತೇವೆ. ಆದರೆ ಎದ್ದು ಕಾಣುವ ಸರ್ಕಾರಿ ಕಟ್ಟಡಕ್ಕೆ ಜನ ಸೇರುತ್ತಾರೆ. ಗಲ್ಲಿಯ ಮೂರನೇ ಮನೆಗೆ ಯಾರು ಸೇರುತ್ತಾರೆ?

ಮೈಸೂರಿನ ಯಾದವಗಿರಿಯಲ್ಲಿ ಒಂದು ಮನೆಗೆ ಜನ ಸೇರಿದರು. ಆರ್.ಕೆ. ನಾರಾಯಣ್ ಕಟ್ಟಿಸಿ, 1990ರ ದಶಕದ ಆರಂಭದವರೆಗೆ ಬಾಳಿದ ಎರಡಂತಸ್ತಿನ ಮನೆ ಅದು. ಮೇಲೆ ಅವರು ಬರೆಯಲು ಕೂರುತ್ತಿದ್ದ, ಎಂಟು ಕಿಟಕಿಗಳ ಕೋಣೆ. 2011ರ ಸೆಪ್ಟೆಂಬರಿನಲ್ಲಿ ಅಲ್ಲಿ ಕೆಡವುವ ಕೆಲಸ ಶುರುವಾಗಿ, ಕಿಟಕಿ ಬಾಗಿಲು ಹೊರಬಂದ ಮೇಲೆ ಪತ್ರಿಕೆಗಳಿಗೆ ಸುದ್ದಿ ಮುಟ್ಟಿತು. ಅಧಿಕಾರಿಗಳು ಕೆಲಸ ನಿಲ್ಲಿಸಿದರು. ಇಂಗ್ಲಿಷಿನಲ್ಲಿ ಬರೆದವರ ಮನೆಗೆ ಕನ್ನಡಿಗರ ತೆರಿಗೆ ಹಣ ಏಕೆ ಎಂದು ಕೆಲವು ಹಿರಿಯ ಕನ್ನಡ ಸಾಹಿತಿಗಳು ಆಕ್ಷೇಪವೆತ್ತಿದರು. ಆ ಮಾತು ನನಗೆ ಅಂದೂ ಒಪ್ಪಿಗೆಯಾಗಲಿಲ್ಲ, ಇಂದೂ ಇಲ್ಲ. ಕೊನೆಗೆ ನಗರಪಾಲಿಕೆ ಎರಡು ಕೋಟಿಗೂ ಮೀರಿದ ಹಣ ಕೊಟ್ಟು ಮನೆ ಕೊಂಡಿತು, ದುರಸ್ತಿ ಮಾಡಿಸಿತು, 2016ರ ಜುಲೈನಲ್ಲಿ ಅದು ವಸ್ತುಸಂಗ್ರಹಾಲಯವಾಗಿ ತೆರೆಯಿತು.

ಈ ಮನೆ ಉಳಿದದ್ದು ಒಳ್ಳೆಯದೇ. ಆದರೆ ಇದನ್ನು ಮಾದರಿ ಎನ್ನಲಾಗದು. ಹೆಸರು ದೊಡ್ಡದಿತ್ತು, ಸುದ್ದಿ ಸಮಯಕ್ಕೆ ಹೊರಬಂತು, ಪಾಲಿಕೆಯ ಬಳಿ ಹಣವಿತ್ತು. ಬಸವನಗುಡಿಯ ಯಾವುದೋ ಗುಮಾಸ್ತರು, ಪಟಮಟದ ಯಾವುದೋ ರೈತ ಕಟ್ಟಿಸಿದ ಮನೆಗೆ ಈ ಮೂರೂ ಕೂಡಿಬರುವುದಿಲ್ಲ. ನೂರಾರು ಮನೆಗಳನ್ನು ಸರ್ಕಾರ ಕೊಂಡು ವಸ್ತುಸಂಗ್ರಹಾಲಯ ಮಾಡಲೂ ಆಗದು, ಮಾಡಲೂ ಬಾರದು. ಮನೆಯಲ್ಲಿ ಜನ ಇರಬೇಕು, ಸಾರಿನ ಒಗ್ಗರಣೆಯ ವಾಸನೆ ಬರಬೇಕು.

ಮನೆಯೊಂದರ ಬದಲು ಬೀದಿಯನ್ನೇ ಕಾಯುವ ನಿಯಮ ಮೊದಲು ಬಂದದ್ದು ಅಮೆರಿಕದ ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್‌ನಲ್ಲಿ. 1920ರಲ್ಲಿ ಅಲ್ಲಿ ಒಂದು ಹಳೆಯ ಮನೆಯನ್ನು ಕೆಡವಲು ಹೊರಟಾಗ ಸೂಸನ್ ಪ್ರಿಂಗಲ್ ಫ್ರಾಸ್ಟ್ ಎಂಬಾಕೆ ನೆರೆಹೊರೆಯವರನ್ನು ಸೇರಿಸಿ ಸಂಘ ಕಟ್ಟಿದರು. 1931ರಲ್ಲಿ ಊರಿನ ಆಡಳಿತವೇ ಹಳೆಯ ಭಾಗವನ್ನು ಗೆರೆ ಎಳೆದು ಗುರುತಿಸಿ, ಅದರೊಳಗೆ ಹೊರರೂಪ ಬದಲಿಸಲು ಅನುಮತಿ ಬೇಕೆಂದಿತು. ನಮ್ಮ ದೇಶದಲ್ಲಿ ಮುಂಬೈ ಮುಂದೆ ಬಂತು. 1995ರಲ್ಲಿ ಅದರ ಪಾರಂಪರಿಕ ನಿಯಮ ಜಾರಿಯಾಯಿತು. ಅದೇ ವರ್ಷ ಹೈದರಾಬಾದೂ ತನ್ನ ವಲಯ ನಿಯಮಗಳಿಗೆ ಪಾರಂಪರಿಕ ಕಟ್ಟಡಗಳ ರಕ್ಷಣೆಯನ್ನು ಸೇರಿಸಿತು. ಇಪ್ಪತ್ತು ವರ್ಷ ನಡೆದ ಆ ನಿಯಮವನ್ನು 2015ರ ಡಿಸೆಂಬರಿನಲ್ಲಿ ತೆಲಂಗಾಣ ರದ್ದು ಮಾಡಿತು. 2019ರಲ್ಲಿ ಹೈದರಾಬಾದಿನ ಎರ್ರಮ್ ಮಂಜಿಲ್ ಅರಮನೆಯನ್ನು ಕೆಡವಿ ವಿಧಾನಸಭೆ ಕಟ್ಟಲು ಹೊರಟಾಗ ಹೈಕೋರ್ಟು ಆ ನಿರ್ಧಾರವನ್ನು ತಳ್ಳಿಹಾಕಬೇಕಾಯಿತು. ಕಷ್ಟಪಟ್ಟು ಬರೆಸಿದ ನಿಯಮವನ್ನು ಒಂದು ಸರ್ಕಾರಿ ಆದೇಶ ಅಳಿಸಬಲ್ಲದು. ಬೆಂಗಳೂರಿನ ಗತಿಯೂ ಭಿನ್ನವಲ್ಲ. 2017ರ ಕರಡು ಮಾಸ್ಟರ್ ಪ್ಲ್ಯಾನ್ ಬಸವನಗುಡಿ, ಮಲ್ಲೇಶ್ವರಗಳನ್ನು ಪಾರಂಪರಿಕ ವಲಯಗಳ ಪಟ್ಟಿಗೆ ಸೇರಿಸಿತ್ತು. 2020ರಲ್ಲಿ ಆ ಕರಡನ್ನೇ ಹಿಂತೆಗೆದುಕೊಂಡರು. ಪಾರಂಪರಿಕ ಕಟ್ಟಡಗಳಿಗೆಂದು ವಲಯ ನಿಯಮಾವಳಿಯ ತಿದ್ದುಪಡಿ ಅದೇ ವರ್ಷ ಬಂತು, ಅದೊಂದು ಸಮಾಧಾನ.

ಆಂಧ್ರದ 2012ರ ಕಟ್ಟಡ ನಿಯಮದಲ್ಲಿ ಒಂದು ಒಳ್ಳೆಯ ಬಾಗಿಲಿತ್ತು. ಪಾರಂಪರಿಕ ಕಟ್ಟಡ ಉಳಿಸಿಕೊಂಡ ಮಾಲೀಕರಿಗೆ ಟಿಡಿಆರ್ (ಅಭಿವೃದ್ಧಿ ಹಕ್ಕಿನ ವರ್ಗಾವಣೆ) ಪತ್ರ ಕೊಡುವುದು. ಅಲ್ಲಿ ಕಟ್ಟದೆ ಬಿಟ್ಟ ವಿಸ್ತೀರ್ಣದ ಹಕ್ಕನ್ನು ಅವರು ಬೇರೆಡೆ ಕಟ್ಟುವವರಿಗೆ ಮಾರಬಹುದಿತ್ತು. ಮನೆಯೂ ಉಳಿಯಿತು, ಮಕ್ಕಳ ಪಾಲಿಗೆ ಹಣವೂ ಬಂತು. ಆದರೆ ಆ ಹಕ್ಕು ರಸ್ತೆ ಅಗಲಕ್ಕೆ ಜಾಗ ಬಿಟ್ಟವರಿಗೆ ಶೇ. 200, ಪಾರಂಪರಿಕ ಕಟ್ಟಡಕ್ಕೆ ಶೇ. 100 ಇತ್ತು. ರಸ್ತೆಗೆ ಎರಡು ಪಟ್ಟು, ಮನೆಗೆ ಒಂದು. ಅದೂ ಪಟ್ಟಿಗೆ ಸೇರಿದ ಕಟ್ಟಡಕ್ಕೆ. ನಮ್ಮ ಬೀದಿಯಲ್ಲಿ ಮನೆಯನ್ನು ಡೆವಲಪ್‌ಮೆಂಟ್‌ಗೆ ಕೊಟ್ಟ ಕುಟುಂಬಗಳಲ್ಲಿ ಇಂಥದೊಂದು ಅವಕಾಶವಿದೆ ಎಂದು ಕೇಳಿದ್ದವರು ನನಗೆ ಸಿಕ್ಕಿಲ್ಲ.

ದೊಡ್ಡ ಕಾನೂನಿಗೆ ಕಾಯದೆ ಪಾಲಿಕೆಗಳೇ ಮಾಡಬಹುದಾದ್ದೊಂದಿದೆ. ಅಮೆರಿಕದ ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್ ಊರು 1979ರಲ್ಲಿ ಮಾಡಿದ್ದು ಅದನ್ನೇ. ಐವತ್ತು ವರ್ಷ ದಾಟಿದ ಕಟ್ಟಡ ಕೆಡವಲು ಅರ್ಜಿ ಬಂದರೆ ಮೊದಲು ಒಂದು ಸಮಿತಿ ನೋಡಬೇಕು. ಉಳಿಸಲು ಯೋಗ್ಯವೆನಿಸಿದರೆ ಆಗಿನ ನಿಯಮದಂತೆ ಆರು ತಿಂಗಳು ತಡೆ ಹಿಡಿಯಬಹುದಿತ್ತು. ನಿಷೇಧವಿಲ್ಲ, ಬಿಡುವು ಮಾತ್ರ. ಆ ಬಿಡುವಿನಲ್ಲಿ ಕೊಳ್ಳುವವರು ಸಿಗಬಹುದು, ಹಿಂದಿನ ಹಿತ್ತಿಲಲ್ಲಿ ಕಟ್ಟಿ ಮುಂದಿನ ಮನೆ ಉಳಿಸುವ ನಕ್ಷೆ ಬರಬಹುದು. ಯಾದವಗಿರಿಯ ಮನೆಗೆ ಪತ್ರಿಕೆ ಕೊಟ್ಟದ್ದು ಇದೇ ಬಿಡುವನ್ನು. ಮಿಕ್ಕ ಮನೆಗಳಿಗೆ ಅದನ್ನು ನಿಯಮ ಕೊಡಲಿ.

ವಿಜಯವಾಡದ ಪಾಲಿಕೆಗೆ ನಾನು ಈ ಬಗ್ಗೆ ತೆಲುಗಿನಲ್ಲಿ ಅರ್ಜಿ ಬರೆದು ಕೊಟ್ಟಿದ್ದೇನೆ. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯವರು, ಮೈಸೂರು ಧಾರವಾಡದವರು ತಮ್ಮ ತಮ್ಮ ಪಾಲಿಕೆಗೆ ಕನ್ನಡದಲ್ಲಿ ಬರೆಯಲಿ. ಐವತ್ತು ದಾಟಿದ ಮನೆ ನಿಮ್ಮದಿದ್ದರೆ ಈ ಭಾನುವಾರ ಟೇಪು ಹಿಡಿದು ಕೋಣೆ ಕೋಣೆ ಅಳೆಯಿರಿ, ಒಂದು ನಕ್ಷೆ ಗೀಚಿರಿ, ಬಾಗಿಲು ಕಿಟಕಿಗಳ ಫೋಟೊ ತೆಗೆಯಿರಿ, ಕಟ್ಟಿಸಿದವರ ಹೆಸರು ಮತ್ತು ವರ್ಷ ಬರೆಯಿರಿ, ಪರಂಪರೆ ಉಳಿಸಲು ದುಡಿಯುವ ಇಂಟ್ಯಾಕ್ ಸಂಸ್ಥೆಯ ನಿಮ್ಮೂರಿನ ಘಟಕಕ್ಕೆ ಒಂದು ಪ್ರತಿ ಕಳಿಸಿ. ಪಾರಂಪರಿಕ ಕಟ್ಟಡಗಳ ಪಟ್ಟಿಗೆ ಸೇರಲು ಮೊದಲು ಬೇಕಾಗುವುದು ಆ ಕಾಗದ.