ಹೊರೆ ಹೊತ್ತ ಮೈಯನ್ನು ಅಳೆಯೋರು ಯಾರು?



ಹುಲಿಕಲ್ ಕಡೆಯ ನಮ್ಮ ಹುಡುಗಿಯೊಬ್ಬಳು ಮೊನ್ನೆ ಫೋನ್ ಮಾಡಿದ್ಲು. ಎಂ.ಪಿ.ಎಡ್. ಮುಗಿಸಿದಾಳೆ. "ಅಣ್ಣಾ, ವ್ಯಾಯಾಮ ವಿಜ್ಞಾನದಲ್ಲಿ ಪಿಎಚ್.ಡಿ. ಮಾಡ್ಬೇಕು ಅಂತಿದೀನಿ. ಆದ್ರೆ ಒಬ್ರು ಮೇಷ್ಟ್ರು, ನಿಮ್ಮೋರಿಗೆ ಹುಟ್ಟಿನಿಂದ್ಲೇ ಮೈಯಲ್ಲಿ ಕಸುವಿರುತ್ತೆ, ಕೋಚ್ ಆಗು ಸಾಕು, ಸಂಶೋಧನೆ ಯಾಕೆ ಅಂದ್ರು" ಅಂದ್ಲು. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳ್ತೀನಿ.

ಈ ಮಾತು ಹಳೇದು. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಜೆಸ್ಸಿ ಓವೆನ್ಸ್ 4 ಚಿನ್ನ ಗೆದ್ದಾಗ, ಕಪ್ಪು ಜನರ ಕಾಲಿನ ಎಲುಬೇ ಬೇರೆ ಅನ್ನೋ ವಾದ ಎದ್ದಿತ್ತು. ಅದನ್ನು ಒರೆಗೆ ಹಚ್ಚಿದವರು ಮಾಂಟೇಗ್ ಕಾಬ್. ಅವರೂ ಕಪ್ಪು ಜನಾಂಗದವರೇ, 1932ರಲ್ಲಿ ಪಿಎಚ್.ಡಿ. ಪಡೆದ ಅಂಗರಚನಾ ವಿಜ್ಞಾನಿ. ಓವೆನ್ಸ್ ಅವರ ಕಾಲನ್ನೇ ಅಳೆದು, ಓಟಕ್ಕೂ ಜನಾಂಗಕ್ಕೂ ನಂಟಿಲ್ಲ, ತರಬೇತಿ ಮುಖ್ಯ ಅಂತ ಅದೇ ವರ್ಷ ಬರೆದರು. ಅಳತೆ ಟೇಪು ಅವರ ಕೈಲಿ ಇದ್ದದ್ದಕ್ಕೆ ಆ ಉತ್ತರ ಸಿಕ್ಕಿತು.

ಈ ವಿಜ್ಞಾನ ಬೆಳೆದದ್ದೇ ದುಡಿಯುವವರ ಮೈಮೇಲೆ. 1927ರಲ್ಲಿ ಹಾರ್ವರ್ಡ್‌ನಲ್ಲಿ ದಣಿವಿನ ಅಧ್ಯಯನಕ್ಕೇ ಒಂದು ಪ್ರಯೋಗಾಲಯ ಶುರುವಾಯ್ತು, 1947ರವರೆಗೆ ನಡೀತು. ಅಲ್ಲಿನ ವಿಜ್ಞಾನಿಗಳು ಮಿಸಿಸಿಪಿಯ ಗೇಣಿ ರೈತರ ದಮ್ಮನ್ನೂ ಅಳೆದರು. ಬೆವರು ಗೇಣಿದಾರರದ್ದು, ಪ್ರಬಂಧದ ಮೇಲಿನ ಹೆಸರು ಇನ್ಯಾರದ್ದೋ.

ನಮ್ಮ ನಾಡಿಗೆ ಬನ್ನಿ. 1876ರಲ್ಲಿ ಧಾರವಾಡದಲ್ಲಿ ಹುಟ್ಟಿದ, ಚಮ್ಮಾರ ಸಮುದಾಯದ ಪಲ್ವಂಕರ್ ಬಾಲೂ 1911ರ ಇಂಗ್ಲೆಂಡ್ ಪ್ರವಾಸದಲ್ಲಿ 114 ವಿಕೆಟ್ ಕಿತ್ತರು. ಪುಣೆಯಲ್ಲಿ ಅದೇ ಬಾಲೂಗೆ ಚಹಾ ಕೊಡ್ತಿದ್ದದ್ದು ಪೆವಿಲಿಯನ್ ಹೊರಗೆ, ಮಣ್ಣಿನ ಕುಡಿಕೆಯಲ್ಲಿ. ಹಿಂದೂ ತಂಡದ ನಾಯಕತ್ವ ಅವರಿಗೆ ಸಿಗಲೇ ಇಲ್ಲ. ಕೈ ಬೇಕಿತ್ತು, ತಲೆ ಬೇಕಿರಲಿಲ್ಲ.

ನಮ್ಮ ಪಕ್ಕದ ಉತ್ತರ ಕನ್ನಡದಲ್ಲೂ ಹಂಗೇ ಆಯ್ತು. 1980ರ ದಶಕದ ಕೊನೆಗೆ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿ ಕೊಡ್ತು. ಆಫ್ರಿಕಾ ಮೂಲದ ಮೈಯಲ್ಲಿ ಪದಕ ಇದೆ ಅನ್ನೋ ನಂಬಿಕೆ. ಮಕ್ಕಳು ಗೆದ್ದರು ಕೂಡ. ಕೆಲವೇ ವರ್ಷಕ್ಕೆ ಯೋಜನೆ ನಿಂತ್ಹೋಯ್ತು. ರಕ್ತದಲ್ಲಿ ಕಸುವಿದೆ ಅಂದವರು, ತಟ್ಟೆಯಲ್ಲಿ ಅನ್ನ ಎಷ್ಟಿದೆ ಅಂತ ಕೇಳೋದು ಅಪರೂಪ.

ಅದಕ್ಕೇ ತಂಗಿಗೆ ಹೇಳಿದೆ: ವಿಷಯ ಹುಡುಕಿಕೊಂಡು ದೂರ ಹೋಗಬೇಡ. ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳೋ ಊರುಗಳಲ್ಲಿ ಹುಲಿಕಲ್ ಒಂದು. ಆ ಮಳೆಯಲ್ಲಿ ಕಂಬಳಿಕೊಪ್ಪೆ ಹಾಕ್ಕೊಂಡು, ಬೆಟ್ಟದಿಂದ ತೋಟಕ್ಕೆ ಸೊಪ್ಪಿನ ಹೊರೆ ಹೊತ್ತ ಹೆಂಗಸರ ಎದೆಬಡಿತ ಎಷ್ಟಿರುತ್ತೆ? ಎಷ್ಟು ಆಮ್ಲಜನಕ ಬೇಕು? ತಿನ್ನೋ ಗಂಜಿ ಅದಕ್ಕೆ ಸಾಲುತ್ತಾ? ಮಂಡಿ ಸವೆಯೋದು ಯಾವ ವಯಸ್ಸಿಗೆ? ಇದೂ ವ್ಯಾಯಾಮ ವಿಜ್ಞಾನವೇ. ಜಿಮ್ಮಿನಲ್ಲಿ ಓಡೋರ ಮೈ ಮಾತ್ರ ಮೈಯಲ್ಲ.

ದಾರಿನೂ ಇದೆ. ಯುಜಿಸಿ ನೆಟ್‌ನಲ್ಲಿ ದೈಹಿಕ ಶಿಕ್ಷಣ ಒಂದು ವಿಷಯ. ಪರಿಶಿಷ್ಟ ಜಾತಿಯವರಿಗೆ ರಾಷ್ಟ್ರೀಯ ಫೆಲೋಶಿಪ್ ಇದೆ. ಅದು ಭಿಕ್ಷೆಯಲ್ಲ, ಹಕ್ಕು. ಶರೀರಶಾಸ್ತ್ರ, ಸಂಖ್ಯಾಶಾಸ್ತ್ರ ಈಗಿಂದ್ಲೇ ಗಟ್ಟಿ ಮಾಡ್ಕೋ. ಗೈಡ್ ಹುಡುಕೋ ಮುಂಚೆ ಅವರ ಕೈಕೆಳಗೆ ಓದಿದವರನ್ನು ಮಾತಾಡ್ಸು.

1916ರಲ್ಲಿ ಬಾಬಾಸಾಹೇಬರು ಕೊಲಂಬಿಯಾದಲ್ಲಿ ಜಾತಿಯ ಬಗ್ಗೆ ತಾವೇ ಪ್ರಬಂಧ ಮಂಡಿಸಿದರು. ನಮ್ಮ ಬಗ್ಗೆ ಇನ್ಯಾರೋ ಬರೀಲಿ ಅಂತ ಕಾಯಲಿಲ್ಲ. ನೀನೂ ಕಾಯಬೇಡ ತಂಗಿ. ನಮ್ಮಮ್ಮಂದಿರು ಹೊತ್ತ ಹೊರೆಯ ಲೆಕ್ಕ ನೀನೇ ಬರಿ.

ಜೈಭೀಮ್.