ಸ್ವಾಮಿ ರಾಮಾನಂದ ತೀರ್ಥರ ನಾಯಕತ್ವ

ನಾಯಕನಾದವನಿಗೆ ಧೈರ್ಯ ಬೇಕು, ವಾಕ್ಚಾತುರ್ಯ ಬೇಕು ಎನ್ನುವುದು ವಾಡಿಕೆ. ಸ್ವಾಮಿ ರಾಮಾನಂದ ತೀರ್ಥರಿಗೆ ಧೈರ್ಯದ ಕೊರತೆಯೇನೂ ಇರಲಿಲ್ಲ. 1903ರಲ್ಲಿ ಕನ್ನಡ ನೆಲದಲ್ಲಿ ಹುಟ್ಟಿ, ಶಾಲಾ ಮೇಷ್ಟ್ರಾಗಿದ್ದ ಈ ಸಂನ್ಯಾಸಿ 1938ರ ಸತ್ಯಾಗ್ರಹದಲ್ಲಿಯೂ 1947-48ರಲ್ಲಿಯೂ ನಿಜಾಮನ ಸೆರೆಮನೆ ಕಂಡವರು.

ಆದರೆ ನನ್ನ ಮನಸ್ಸು ನಿಲ್ಲುವುದು ಅವರ ಇನ್ನೊಂದು ಗುಣದ ಮೇಲೆ. ಹೈದರಾಬಾದ್ ರಾಜ್ಯವೆಂದರೆ ತೆಲುಗು, ಮರಾಠಿ, ಕನ್ನಡ ಮೂರೂ ನುಡಿಗಳ ಸೀಮೆ. ಮೂರು ಕಡೆಯಲ್ಲೂ ಸ್ವಾಮೀಜಿಗೆ ಅನುಯಾಯಿಗಳಿದ್ದರು. ರಾಜ್ಯ ಹಾಗೆಯೇ ಉಳಿದಿದ್ದರೆ ಅವರ ಹಿರಿತನವೂ ಉಳಿಯುತ್ತಿತ್ತು. ಅದನ್ನು ಒಡೆಯುವುದು ನೆಹರೂ ಅವರಿಗೂ ಇಷ್ಟವಿರಲಿಲ್ಲ. ಆದರೂ ಸ್ವಾಮೀಜಿ ಭಾಷಾವಾರು ವಿಂಗಡಣೆಯ ಪಕ್ಷವನ್ನೇ ಹಿಡಿದರು. 1956ರ ನವೆಂಬರ್ 1ರಂದು ಬೀದರ, ಗುಲ್ಬರ್ಗ, ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿದವು. ಅವರು ಹೋರಾಡಿ ಬಿಡಿಸಿದ ರಾಜ್ಯವೇ ನಕ್ಷೆಯಿಂದ ಅಳಿಯಿತು.

ಈ ಲೆಕ್ಕದಲ್ಲಿ ನಮ್ಮ ಬಾಬ್ತೂ ಒಂದಿದೆ (ಬ್ಯಾಂಕಿನವನ ಮಾತು, ವಾಚಕರು ಮನ್ನಿಸಬೇಕು). ನಾವು ರಾಜ್ಯೋತ್ಸವವೆಂದು ಸಂಭ್ರಮಿಸುವ ಆ ದಿನವೇ ಈ ನಗರದ ಕನ್ನಡಿಗರು, ಮನೆ ಬದಲಿಸದೆಯೇ, ಹೊರನಾಡಿಗರಾದರು. 1952ರಲ್ಲಿ ಗುಲ್ಬರ್ಗದಿಂದ ಲೋಕಸಭೆಗೆ ಹೋಗಿದ್ದ ಸ್ವಾಮೀಜಿ 1957ರಲ್ಲಿ ಔರಂಗಾಬಾದಿನಿಂದ ಆರಿಸಿಬಂದರು. ಅವರು ಕಾಲವಾದದ್ದು 1972ರಲ್ಲಿ, ಇದೇ ಹೈದರಾಬಾದಿನಲ್ಲಿ. ಬೇಗಂಪೇಟೆಯಲ್ಲಿ ಅವರ ಸ್ಮಾರಕವಿದೆ.