ಅಗ್ನಿಶಾಮಕ ದಳಗಳ ಪರಸ್ಪರ ನೆರವು: ಕರ್ನಾಟಕದ ಅನುಭವದ ಕೆಲವು ನೆಲೆಗಳು

ಅಗ್ನಿಶಾಮಕ ವ್ಯವಸ್ಥೆಯ ಚರಿತ್ರೆಯನ್ನು ನಮ್ಮಲ್ಲಿ ಬಹುಮಟ್ಟಿಗೆ ಪೊಲೀಸ್ ಅಥವಾ ಪೌರಾಡಳಿತದ ಚರಿತ್ರೆಯ ಅಡಿಟಿಪ್ಪಣಿಯಾಗಿಯೇ ನೋಡಲಾಗಿದೆ. ಎಷ್ಟು ಠಾಣೆಗಳು, ಎಷ್ಟು ವಾಹನಗಳು ಎಂಬ ಲೆಕ್ಕ ವಾರ್ಷಿಕ ವರದಿಗಳಲ್ಲಿ ದೊರೆಯುತ್ತದೆ. ಆದರೆ ಒಂದು ದಳದ ಶಕ್ತಿ ಮೀರಿದ ಬೆಂಕಿಯನ್ನು ಹಲವು ದಳಗಳು ಸೇರಿ ಎದುರಿಸುವ ಕ್ರಮ ಹೇಗೆ ರೂಪುಗೊಂಡಿತು, ಅದರ ಮಿತಿಗಳೇನು ಎಂಬ ಪ್ರಶ್ನೆಗೆ ಸಿಕ್ಕಿರುವ ಗಮನ ಕಡಿಮೆ.

ಪರಸ್ಪರ ನೆರವು ಎಂಬ ಕಲ್ಪನೆ ಹಳ್ಳಿಗಾಡಿಗೆ ಹೊಸದಲ್ಲ. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಗೌನಿಪಲ್ಲಿಯಂಥ ಗಡಿನಾಡಿನ ಊರುಗಳಲ್ಲಿ ಬೇಸಿಗೆಯಲ್ಲಿ ರಾಗಿ ಹುಲ್ಲಿನ ಬಣವೆಗೆ ಕಿಡಿ ತಗುಲಿದರೆ ಮೊದಲು ಓಡಿಬರುವವರು ಅಕ್ಕಪಕ್ಕದವರೇ. ಬಾವಿಯಿಂದ ಬಣವೆಯವರೆಗೆ ಸಾಲಾಗಿ ನಿಂತು ಕೊಡ ದಾಟಿಸುವ ಪದ್ಧತಿಯಲ್ಲಿ ಯಾರ ಕೊಡ, ಯಾರ ಬಾವಿ ಎಂಬ ಪ್ರಶ್ನೆ ಏಳುವುದಿಲ್ಲ. ಅದೇ ಕೆಲಸವನ್ನು ಸಂಬಳದ ದಳ, ಯಂತ್ರ, ಕಾನೂನು ಇವುಗಳ ಮೂಲಕ ಮಾಡಹೊರಟಾಗ ಮಾತ್ರ ಎಲ್ಲೆಗಳು ಎದ್ದು ಕಾಣತೊಡಗುತ್ತವೆ.

ಎಲ್ಲೆಯ ಈ ತೊಡಕು ಜಗತ್ತಿನ ಗಮನಕ್ಕೆ ಬಂದದ್ದು 1904ರ ಫೆಬ್ರವರಿಯಲ್ಲಿ, ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ. ನಗರದ ನಡುಭಾಗದಲ್ಲಿ 1,500ಕ್ಕೂ ಹೆಚ್ಚು ಕಟ್ಟಡಗಳು ಸುಟ್ಟುಹೋದ ಆ ಬೆಂಕಿಗೆ ವಾಷಿಂಗ್ಟನ್, ಫಿಲಡೆಲ್ಫಿಯಾ, ನ್ಯೂಯಾರ್ಕ್‌ಗಳಿಂದ ದಳಗಳು ಧಾವಿಸಿ ಬಂದವು. ಆದರೆ ಹೊರಗಿನಿಂದ ಬಂದ ಅನೇಕ ದಳಗಳ ಕೊಳವೆಗಳ ತುದಿ ಬಾಲ್ಟಿಮೋರಿನ ನೀರಿನ ನಲ್ಲಿಗಳಿಗೆ ಹೊಂದಿಕೊಳ್ಳಲಿಲ್ಲ. ನೀರೂ ಇತ್ತು, ಯಂತ್ರವೂ ಇತ್ತು, ಜನರೂ ಇದ್ದರು. ಕೂಡುವ ತಿರುಪು ಮಾತ್ರ ಇರಲಿಲ್ಲ. ಎರಡನೆಯ ಮಹಾಯುದ್ಧದ ವಾಯುದಾಳಿಗಳಲ್ಲಿ ಇಂಗ್ಲೆಂಡಿನ ಪಟ್ಟಣಗಳು ಇಂಥದೇ ತೊಂದರೆ ಅನುಭವಿಸಿದ ಮೇಲೆ, 1941ರಲ್ಲಿ ಅಲ್ಲಿನ ಸುಮಾರು 1,600 ಸ್ಥಳೀಯ ದಳಗಳನ್ನು ಒಂದು ರಾಷ್ಟ್ರೀಯ ಸೇವೆಯಾಗಿ ಒಗ್ಗೂಡಿಸಲಾಯಿತು.

ಭಾರತವು ಬ್ರಿಟಿಷ್ ಮಾದರಿಯ ಕೂಡುಕೊಂಡಿಯನ್ನೇ ಅನುಸರಿಸಿತು. 63 ಮಿಲಿಮೀಟರ್ ಅಳತೆಯ, ತಿರುಪಿಲ್ಲದೆ ಒತ್ತಿದೊಡನೆ ಕಚ್ಚಿಕೊಳ್ಳುವ ಜೋಡಣೆ ಭಾರತೀಯ ಮಾನಕ 903ರಲ್ಲಿ ನಿಗದಿಯಾಗಿದೆ. ಇದು ಸಣ್ಣ ಸಂಗತಿಯಂತೆ ಕಾಣಬಹುದು. ಆದರೆ ಕಾರ್ಖಾನೆಯ ಕೊಳವೆಯೂ ವಾಯುನೆಲೆಯ ಕೊಳವೆಯೂ ಸರ್ಕಾರಿ ದಳದ ವಾಹನಕ್ಕೆ ಸೇರಬೇಕಾದರೆ ಯಾವ ಒಡಂಬಡಿಕೆಗಿಂತಲೂ ಮೊದಲು ಬೇಕಾಗುವುದು ಈ ಹಿತ್ತಾಳೆಯ ಅಥವಾ ಮಿಶ್ರಲೋಹದ ತುಂಡು.

ಕಾನೂನಿನ ನೆಲೆಯಲ್ಲಿ ಕರ್ನಾಟಕದ ಆಧಾರ 1964ರ ಮೈಸೂರು ಅಗ್ನಿಶಾಮಕ ದಳ ಅಧಿನಿಯಮ. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು 1973ರಲ್ಲಿ ಬಂದ ಮೇಲೆ ಅಧಿನಿಯಮದ ಹೆಸರೂ ಬದಲಾಯಿತು. ಭಾರತದ ಅಗ್ನಿಶಾಮಕ ಕಾನೂನುಗಳ ಸಾಮಾನ್ಯ ಮಾದರಿಯಲ್ಲಿ ಎರಡು ಅಂಶಗಳು ಈ ಚರ್ಚೆಗೆ ಮುಖ್ಯ. ಒಂದು, ದಳವನ್ನು ತನ್ನ ಎಲ್ಲೆಯಾಚೆಗೂ ಕಳುಹಿಸುವ ಅಧಿಕಾರ. ಇನ್ನೊಂದು, ಬೇರೆ ದಳಗಳೊಡನೆ ಪರಸ್ಪರ ನೆರವಿನ ಏರ್ಪಾಡು ಮಾಡಿಕೊಳ್ಳುವ ಅವಕಾಶ. ಭೋಪಾಲ್ ದುರಂತದ (1984) ನಂತರ ಬಂದ 1989ರ ಅಪಾಯಕಾರಿ ರಾಸಾಯನಿಕಗಳ ನಿಯಮಗಳು ಕಾರ್ಖಾನೆಯ ಆವರಣದ ಹೊರಗಿನ ತುರ್ತು ಯೋಜನೆಯನ್ನು ಕಡ್ಡಾಯಗೊಳಿಸಿದವು. ಹೀಗಾಗಿ ಕೈಗಾರಿಕೆಯ ವಲಯದಲ್ಲಿ ಪರಸ್ಪರ ನೆರವಿಗೆ ಲಿಖಿತ ರೂಪ ಬಂದಿತು. ವಾಣಿಜ್ಯ ಕಟ್ಟಡಗಳಿಗೆ ಅಂಥ ಶಿಸ್ತು ದೊರೆಯಲಿಲ್ಲವೆಂಬುದು ಮುಂದೆ ತಿಳಿದುಬಂದಿತು.

2010ರ ಫೆಬ್ರವರಿ 23, ಮಂಗಳವಾರ. ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಎಂಬ ಏಳು ಅಂತಸ್ತಿನ ಕಚೇರಿ ಕಟ್ಟಡದಲ್ಲಿ ಮಧ್ಯಾಹ್ನದ ಬಳಿಕ ವಿದ್ಯುತ್ ತಂತಿಗಳು ಹಾಯುವ ಕೊಳವೆಯಂಥ ಜಾಗದಲ್ಲಿ ಬೆಂಕಿ ಹುಟ್ಟಿತು. ಜ್ವಾಲೆ ಅಷ್ಟೇನೂ ಹಬ್ಬಲಿಲ್ಲ, ಹೊಗೆ ಹಬ್ಬಿತು. ತಳದಿಂದ ಮೇಲಕ್ಕೆ ತೆರೆದಿದ್ದ ಆ ದಾರಿಯೇ ಹೊಗೆಗೊಂದು ಚಿಮಣಿಯಾಯಿತು. ಮೆಟ್ಟಿಲುಗಳಲ್ಲಿ ಇಳಿಯಲಾಗದೆ, ತುರ್ತು ನಿರ್ಗಮನದ ದಾರಿ ಮುಚ್ಚಿದ್ದರಿಂದ ಮೇಲಿನ ಅಂತಸ್ತುಗಳ ಜನ ಗಾಜು ಒಡೆದು ಕಿಟಕಿಗಳ ಬಳಿ ನಿಂತರು. ಕೆಲವರು ಕೆಳಗೆ ಹಾರಿದರು. ಒಂಬತ್ತು ಮಂದಿ ಸತ್ತರು, ಹಲವು ಹತ್ತು ಮಂದಿ ಗಾಯಗೊಂಡರು.

ಈ ಘಟನೆಯನ್ನು ಪರಸ್ಪರ ನೆರವಿನ ದೃಷ್ಟಿಯಿಂದ ನೋಡುವಾಗ ಒಂದು ಎಚ್ಚರ ಅಗತ್ಯ. ದುರಂತ ನಡೆದೊಡನೆ ಕೇಳಿಬರುವುದು ವಾಹನ ತಡವಾಯಿತು, ಏಣಿ ಸಾಲಲಿಲ್ಲ ಎಂಬ ಮಾತು. ಅದು ಪೂರ್ತಿ ಸುಳ್ಳಲ್ಲ. ಎತ್ತರದ ಏಣಿ ಕೆಲವೇ ದಳಗಳಲ್ಲಿರುವ ಉಪಕರಣ. ಸಂಜೆಯ ಬೆಂಗಳೂರಿನ ವಾಹನದಟ್ಟಣೆಯಲ್ಲಿ ಅದನ್ನು ಸಾಗಿಸುವುದೂ ಕಷ್ಟ. ಆದರೆ ಹೊಗೆಯಲ್ಲಿ ಉಸಿರು ಕಟ್ಟುವುದು ನಿಮಿಷಗಳ ಲೆಕ್ಕ; ನೆರೆಯ ದಳ ಕರೆಗೆ ಓಗೊಟ್ಟು, ಹೊರಟು, ಬಂದು, ನಿಲ್ಲುವುದಕ್ಕೆ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಎಷ್ಟೇ ದಳಗಳು ಕೂಡಿದರೂ ಒಳಗಿನಿಂದ ಬೀಗ ಹಾಕಿದ ಬಾಗಿಲನ್ನು ಆ ಮೊದಲ ನಿಮಿಷಗಳಲ್ಲಿ ಹೊರಗಿನವರು ತೆರೆಯಲಾರರು. ರಾಷ್ಟ್ರೀಯ ಕಟ್ಟಡ ಸಂಹಿತೆಯ ಮೊದಲ ಆವೃತ್ತಿ ಬಂದದ್ದು 1970ರಲ್ಲಿ. 1983 ಮತ್ತು 2005ರಲ್ಲಿ ಅದು ಪರಿಷ್ಕೃತವಾಗಿತ್ತು. ಹೊಗೆ ಏರುವ ದಾರಿಗಳನ್ನು ಅಂತಸ್ತು ಅಂತಸ್ತಿಗೆ ಮುಚ್ಚಬೇಕೆಂಬ ತಿಳಿವಳಿಕೆ 2010ರಲ್ಲಿ ಹೊಸದಾಗಿರಲಿಲ್ಲ. ಮೃತರ ಕುಟುಂಬದವರು ಮತ್ತು ಹಿತೈಷಿಗಳು ಬಳಿಕ ‘ಬಿಯಾಂಡ್ ಕಾರ್ಲ್‌ಟನ್’ ಎಂಬ ಹೆಸರಿನಲ್ಲಿ ಸೇರಿ ಒತ್ತಾಯಿಸಿದ್ದೂ ಹೆಚ್ಚಾಗಿ ಇದನ್ನೇ: ಇದ್ದ ನಿಯಮಗಳ ಪಾಲನೆ.

ಹಲವು ದಳಗಳು ನಿಜವಾಗಿ ಕೂಡಿ ದುಡಿದ ಪ್ರಸಂಗಗಳು ಕಟ್ಟಡಗಳಿಗಿಂತ ಬಯಲಿನಲ್ಲಿ ಎದ್ದುಕಾಣುತ್ತವೆ. 2018ರ ಜನವರಿ 19ರಂದು ಬೆಳ್ಳಂದೂರು ಕೆರೆಯ ಒಣಹುಲ್ಲು, ಕಸಕ್ಕೆ ಬೆಂಕಿ ಬಿದ್ದಾಗ ರಾಜ್ಯದ ದಳದೊಡನೆ ಸೈನಿಕರು ಸಾವಿರಾರು ಸಂಖ್ಯೆಯಲ್ಲಿ ಕೈಜೋಡಿಸಿದರು. 2019ರ ಫೆಬ್ರವರಿ 23ರಂದು, ಕಾರ್ಲ್‌ಟನ್ ದುರಂತಕ್ಕೆ ಸರಿಯಾಗಿ ಒಂಬತ್ತು ವರ್ಷ ತುಂಬಿದ ದಿನ, ಯಲಹಂಕದ ವೈಮಾನಿಕ ಪ್ರದರ್ಶನದ ವಾಹನ ನಿಲುಗಡೆ ಬಯಲಿನಲ್ಲಿ ಸುಮಾರು 300 ಕಾರುಗಳು ಸುಟ್ಟವು. ಅಲ್ಲಿ ವಾಯುಪಡೆಯ ಮತ್ತು ರಾಜ್ಯದ ದಳಗಳೆರಡೂ ಇದ್ದವು. ಬಯಲಿನಲ್ಲಿ ಕೂಡಿ ದುಡಿಯುವುದು ಸುಲಭ. ನೀರು ಎಲ್ಲಿಂದ ಬೇಕಾದರೂ ಎರಚಬಹುದು, ಯಾರು ಎಲ್ಲಿದ್ದಾರೆಂಬುದು ಕಣ್ಣಿಗೆ ಕಾಣುತ್ತದೆ. ಕಟ್ಟಡದೊಳಗೆ ಹಾಗಲ್ಲ. ಒಂದು ದಳ ಒಳಹೊಕ್ಕಿರುವ ಮೆಟ್ಟಿಲಿಗೆ ಇನ್ನೊಂದು ದಳ ಹೊರಗಿನಿಂದ ನೀರು ಹಾಯಿಸಿದರೆ ಬಿಸಿ ಹಬೆ ಒಳಗಿನವರ ಮೇಲೆಯೇ ತಿರುಗಬಹುದು. ಆದುದರಿಂದ ಒಬ್ಬರ ಆಜ್ಞೆ, ಒಂದೇ ನಿಸ್ತಂತು ವಾಹಿನಿ, ಒಳಹೋದವರ ಎಣಿಕೆ ಇವು ಕೊಳವೆಯ ಜೋಡಣೆಯಷ್ಟೇ ಮುಖ್ಯವಾಗುತ್ತವೆ. ದುರದೃಷ್ಟವಶಾತ್ ಉಪಕರಣ ಕೊಳ್ಳುವುದು ಸುದ್ದಿಯಾಗುವಷ್ಟು ಜಂಟಿ ಅಭ್ಯಾಸ ಸುದ್ದಿಯಾಗುವುದಿಲ್ಲ.

ರಾಜಧಾನಿಯ ಈ ಚರ್ಚೆಯಿಂದ ಗಡಿಯ ಕಡೆಗೆ ಹೊರಳಿದರೆ ಪ್ರಶ್ನೆಯ ಸ್ವರೂಪವೇ ಬೇರೆ. ಗೌನಿಪಲ್ಲಿಯ ಸುತ್ತಣ ಪ್ರದೇಶ ಮಾವಿನ ತೋಪುಗಳದು. ಜನರ ಮಾತು ಕನ್ನಡವೂ ಹೌದು, ತೆಲುಗೂ ಹೌದು. ಸಂತೆ, ನಂಟಸ್ತನ, ಆಸ್ಪತ್ರೆ ಇವುಗಳಿಗೆ ಮದನಪಲ್ಲಿಯ ಕಡೆಗೂ ಹೋಗಿಬರುವ ರೂಢಿ ಇದೆ. ಇಲ್ಲಿನ ಗೋದಾಮೊಂದಕ್ಕೆ ಬೆಂಕಿ ಬಿದ್ದರೆ ಓಗೊಡಬೇಕಾದದ್ದು 1964ರ ಕರ್ನಾಟಕದ ಅಧಿನಿಯಮದಡಿಯ ದಳ. ಗಡಿಯಾಚೆಯದು 1999ರ ಆಂಧ್ರಪ್ರದೇಶ ಅಗ್ನಿಶಾಮಕ ಸೇವೆ ಅಧಿನಿಯಮದಡಿಯ ದಳ. ಎರಡೂ ಕಡೆಯ ಕೊಳವೆಗಳ ತುದಿ ಒಂದೇ ಮಾನಕದವು, ಒತ್ತಿದೊಡನೆ ಕಚ್ಚಿಕೊಳ್ಳುವಂಥವು. ಆದರೆ ನೆರವಿನ ಕೋರಿಕೆ ಊರಿನಿಂದ ನೇರವಾಗಿ ನೆರೆಯ ಠಾಣೆಗೆ ಹೋಗಬಹುದೇ, ಇಲ್ಲವೇ ಮೇಲಧಿಕಾರಿಗಳ ಮೂಲಕ ಎರಡು ರಾಜ್ಯಗಳ ನಿಯಂತ್ರಣ ಕೊಠಡಿಗಳನ್ನು ದಾಟಿಯೇ ಹೋಗಬೇಕೇ ಎಂಬುದು ಬೆಂಕಿ ಬೀಳುವ ಮುನ್ನವೇ ಬರೆದಿಟ್ಟು, ಠಾಣೆಯ ಗೋಡೆಯ ಮೇಲೆ ದೂರವಾಣಿ ಸಂಖ್ಯೆಯೊಡನೆ ತೂಗುಹಾಕಬೇಕಾದ ವಿಷಯ.